‘ಸಹಿಷ್ಣುತೆ’ ಎಂಬ ಪದದ ಚರಿತ್ರೆ

ಕೆಲವು ವರ್ಷಗಳ ಹಿಂದೆ ಬಂಟ್ವಾಳ ತಾಲೂಕಿನ ಒಂದು ಗ್ರಾಮದಲ್ಲಿ ನಡೆದ ಶಾಂತಿ ಸಭೆಯಲ್ಲಿ ನಾನೂ ಕುಳಿತಿದ್ದೆ. ಇಂತಹ ಸಭೆ ಹೇಗಿರುತ್ತದೆಂದು ನಮ್ಮ ತಾಲೂಕಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಚಹಾ, ಎದುರಿಗೆ ಪೊಲೀಸ್ ಅಧಿಕಾರಿಗಳು, ಎರಡು ಬದಿಯಲ್ಲಿ ಎರಡು ಸಮುದಾಯದವರು. ಊರಿನ ಹಿರಿಯರೊಬ್ಬರು ಎದ್ದು ನಿಂತು, ಬಹಳ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ನಮ್ಮದು ಸಹಿಷ್ಣುತೆಯ ಊರು. ಇಷ್ಟು ವರ್ಷ ಇವರನ್ನು ಸಹಿಸಿಕೊಂಡು ಬಂದಿದ್ದೇವೆ. ಇನ್ನು ಮುಂದೆಯೂ ಸಹಿಸಿಕೊಳ್ಳುತ್ತೇವೆ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿದ್ದ ಹಾಜಿಯವರು ಮಾತ್ರ ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಬಳಿಕ ಮೆಲ್ಲಗೆ ನನ್ನನ್ನು ಕೇಳಿದರು: “ಅವರು ಇಷ್ಟು ವರ್ಷ ಸಹಿಸಿದ್ದು ಏನನ್ನು ಮೋನೆ? ನಾನು ನಲವತ್ತು ವರ್ಷ ಅವರ ತೋಟದ ಅಡಿಕೆ ಖರೀದಿ ಮಾಡಿದವನು.”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಭಾಷಣ ಮಾಡಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂಬುದು ಹಾಜಿಯವರಿಗೂ ಗೊತ್ತಿತ್ತು. ತೊಡಕು ಇದ್ದದ್ದು ಆ ಪದದಲ್ಲಿ. ನಾವು ವೇದಿಕೆಗಳಲ್ಲಿ, ಖುತ್ಬಾಗಳಲ್ಲಿ, ಶಾಲೆಯ ಪ್ರಬಂಧಗಳಲ್ಲಿ ದಿನನಿತ್ಯ ಬಳಸುವ ‘ಸಹಿಷ್ಣುತೆ’ ಎಂಬ ಪದ ಎಲ್ಲಿಂದ ಬಂತು, ಯಾರು ಯಾರಿಗೆ ಹೇಳಿದರು, ನಮ್ಮ ನೆಲದಲ್ಲಿ ಅದರ ಜಾಗದಲ್ಲಿ ಏನಿತ್ತು ಎಂದು ನೋಡುವುದು ಈ ಲೇಖನದ ಉದ್ದೇಶ.

ಹೊರೆ ಹೊರುವ ಪದ

ಸಂಸ್ಕೃತದ ‘ಸಹ್’ ಎಂಬ ಧಾತುವಿಗೆ ತಾಳಿಕೊಳ್ಳು, ತಡೆದುಕೊಳ್ಳು ಎಂದರ್ಥ. ಸಹನೆ, ಸಹಿಷ್ಣುತೆ, ಅಸಹನೆ ಎಲ್ಲವೂ ಅದರಿಂದಲೇ ಬಂದಿವೆ. ಇಂಗ್ಲಿಷಿನ ‘ಟಾಲರೇಶನ್’ ಪದದ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೂ ಹೊರು, ತಾಳು ಎಂಬುದೇ ಅರ್ಥ. ಎರಡು ಭಾಷೆಗಳಲ್ಲೂ ಈ ಪದದೊಳಗೆ ಒಂದು ಹೊರೆಯಿದೆ, ಅದನ್ನು ಹೊರುವ ಒಬ್ಬನಿದ್ದಾನೆ. ಬಿಸಿಲನ್ನು ಸಹಿಸುತ್ತೇವೆ, ಹಲ್ಲುನೋವನ್ನು ಸಹಿಸುತ್ತೇವೆ. ಹೂವಿನ ಪರಿಮಳವನ್ನು ಸಹಿಸಿದೆ ಎಂದು ಯಾರೂ ಹೇಳುವುದಿಲ್ಲ.

ಯುರೋಪಿನಲ್ಲಿ ಈ ಪದ ರಾಜಕೀಯಕ್ಕೆ ಬಂದದ್ದು ದೊಡ್ಡ ರಕ್ತಪಾತದ ಬಳಿಕ. ಕ್ಯಾಥೊಲಿಕರು ಮತ್ತು ಪ್ರೊಟೆಸ್ಟಂಟರು ತಲೆಮಾರುಗಳ ಕಾಲ ಒಬ್ಬರನ್ನೊಬ್ಬರು ಕೊಂದರು. ಫ್ರಾನ್ಸಿನ ದೊರೆ 4ನೇ ಹೆನ್ರಿ 1598ರಲ್ಲಿ ನಾಂತ್ ಎಂಬಲ್ಲಿ ಹೊರಡಿಸಿದ ಶಾಸನದ ಮೂಲಕ ಅಲ್ಪಸಂಖ್ಯಾತರಾಗಿದ್ದ ಪ್ರೊಟೆಸ್ಟಂಟರಿಗೆ ಆರಾಧನೆಯ ಅವಕಾಶ ಕೊಟ್ಟನು. ಆತನ ಮೊಮ್ಮಗ 14ನೇ ಲೂಯಿ 1685ರಲ್ಲಿ ಅದನ್ನು ರದ್ದು ಮಾಡಿದನು. ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟು ಹೋದರು. 1689ರಲ್ಲಿ ಇಂಗ್ಲೆಂಡಿನ ಸಂಸತ್ತು ಮಾಡಿದ ಕಾಯ್ದೆ ‘ಸಹಿಷ್ಣುತಾ ಕಾಯ್ದೆ’ ಎಂದೇ ಪ್ರಸಿದ್ಧವಾಯಿತು. ಅದರಿಂದ ಪ್ರೊಟೆಸ್ಟಂಟರ ಇತರ ಪಂಗಡಗಳಿಗೆ ಪ್ರಾರ್ಥನೆಯ ಸ್ವಾತಂತ್ರ್ಯ ದೊರೆಯಿತು. ಕ್ಯಾಥೊಲಿಕರು ಅದರ ಹೊರಗೇ ಉಳಿದರು. ಅದೇ ವರ್ಷ ಪ್ರಕಟವಾದ ಜಾನ್ ಲಾಕ್‌ನ ಪತ್ರವು ಧರ್ಮದ ಕಾರಣಕ್ಕಾಗಿ ಮುಸ್ಲಿಮನನ್ನಾಗಲಿ ಯಹೂದಿಯನ್ನಾಗಲಿ ನಾಗರಿಕ ಹಕ್ಕುಗಳಿಂದ ದೂರವಿಡಬಾರದೆಂದು ವಾದಿಸಿತು. ಅಷ್ಟು ಧೈರ್ಯ ತೋರಿದ ಲಾಕ್ ಕೂಡ ದೇವರನ್ನು ನಂಬದವರನ್ನು ಹೊರಗಿಟ್ಟನು.

ಈ ಪದದ ಕೊರತೆಯನ್ನು ಅದನ್ನು ಬಳಸಿದವರೇ ಕಂಡುಕೊಂಡರು. 1790ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ನ್ಯೂಪೋರ್ಟ್ ಎಂಬ ಊರಿನ ಯಹೂದಿ ಸಮುದಾಯಕ್ಕೆ ಪತ್ರ ಬರೆದು, ಒಂದು ವರ್ಗದ ದಯೆಯಿಂದ ಇನ್ನೊಂದು ವರ್ಗವು ತನ್ನ ಹುಟ್ಟುಹಕ್ಕನ್ನು ಅನುಭವಿಸುವ ಕಾಲ ಮುಗಿಯಿತು, ಇನ್ನು ಸಹಿಷ್ಣುತೆಯ ಮಾತು ಬೇಡ ಎಂಬರ್ಥದಲ್ಲಿ ತಿಳಿಸಿದನು. (ಅದೇ ವಾಷಿಂಗ್ಟನ್ ಗುಲಾಮರ ಒಡೆಯನೂ ಆಗಿದ್ದ ಎಂಬುದನ್ನು ಮರೆಯಬಾರದು.) ನಮ್ಮವರೇ ಆದ ಗಾಂಧೀಜಿ 1930ರಲ್ಲಿ ಯೆರವಡಾ ಜೈಲಿನಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಈ ಪದದ ಬಗ್ಗೆ ತಮ್ಮ ಇರುಸುಮುರುಸನ್ನು ತೋಡಿಕೊಂಡರು. ಪರಧರ್ಮವನ್ನು ಸಹಿಸುತ್ತೇನೆ ಎಂಬ ಮಾತಿನಲ್ಲಿ ಅದು ನನ್ನ ಧರ್ಮಕ್ಕಿಂತ ಕೀಳು ಎಂಬ ಭಾವನೆ ಅಡಗಿರಬಹುದು ಎಂಬುದು ಅವರ ಆತಂಕವಾಗಿತ್ತು. ನಮ್ಮ ಹಾಜಿಯವರು ಗಾಂಧೀಜಿಯನ್ನು ಓದಿದವರಲ್ಲ. ಆದರೆ ಅವರು ಕೇಳಿದ್ದು ಇದನ್ನೇ.

ಕನ್ನಡದ ಮಾತು: ಸೈರಿಸು

ಹಾಗಾದರೆ ಕನ್ನಡದಲ್ಲಿ ಏನಿತ್ತು? ಈಗ ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ ಇದು ರಚನೆಯಾಯಿತು. ಅದರಲ್ಲಿ ‘ಸೈರಿಸು’ ಎಂಬ ಕ್ರಿಯಾಪದ ಬರುತ್ತದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲ ಶಕ್ತಿಯೇ ನಿಜವಾದ ಬಂಗಾರ ಎಂಬುದು ಅಲ್ಲಿಯ ಅಭಿಪ್ರಾಯ. ಗಮನಿಸಬೇಕಾದ ವಿಷಯವೆಂದರೆ ಇಲ್ಲಿ ಮೆಚ್ಚುಗೆ ಇರುವುದು ಸೈರಿಸುವವನ ಸಾಮರ್ಥ್ಯದ ಮೇಲೆ. ಸೈರಿಸುವುದು ಮತ್ತೊಬ್ಬನಿಗೆ ಮಾಡುವ ಉಪಕಾರವಲ್ಲ, ತಾನೇ ಗಳಿಸಿಕೊಳ್ಳುವ ಸಂಪತ್ತು. ಬಂಗಾರ ಇಲ್ಲದವನು ಬಡವನಾಗುವಂತೆ ಸೈರಣೆ ಇಲ್ಲದವನೂ ಬಡವನೇ.

ಬರೀ ಗ್ರಂಥದ ಮಾತು ಎಂದು ಇದನ್ನು ಬದಿಗಿಡುವಂತಿಲ್ಲ. ಅದೇ ಕಾಲದಲ್ಲಿ ಅರಬ್ ವರ್ತಕರು ಬರೆದ ಸಾಕ್ಷ್ಯ ಉಳಿದಿದೆ. ಹಿಜರಿ 237ರಲ್ಲಿ, ಅಂದರೆ 851ರಲ್ಲಿ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿರುವ ವೃತ್ತಾಂತವು ಲೋಕದ ನಾಲ್ಕು ಮಹಾ ದೊರೆಗಳಲ್ಲಿ ‘ಬಲ್ಹರಾ’ನೂ ಒಬ್ಬನೆಂದು ಹೇಳುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ದೊರೆಗಳ ಬಿರುದು. ಈ ದೊರೆಯಷ್ಟು ಅರಬರನ್ನು ಪ್ರೀತಿಸುವವರು ಬೇರೆ ಯಾರೂ ಇಲ್ಲ ಎಂದು ಆ ವೃತ್ತಾಂತ ಬರೆಯುತ್ತದೆ. ಆ ಸಮಯದಲ್ಲಿ ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ಸಿಂಹಾಸನದಲ್ಲಿದ್ದವನು ಅಮೋಘವರ್ಷ. ಮುಂದಿನ ಶತಮಾನದಲ್ಲಿ ಬಂದ ಅಲ್ ಮಸ್ಊದಿ, ಬಲ್ಹರಾನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿದೆ, ಮಸೀದಿಗಳಿವೆ, ಜುಮಾ ನಡೆಯುತ್ತದೆ ಎಂದು ದಾಖಲಿಸಿದ್ದಾನೆ. ಸೈಮೂರ್ ಬಂದರಿನಲ್ಲಿ ಸುಮಾರು 10,000 ಮುಸ್ಲಿಮರಿದ್ದರು, ಅವರ ವ್ಯಾಜ್ಯಗಳನ್ನು ಅವರವನೇ ಆದ ಒಬ್ಬ ಮುಖಂಡನು ತೀರ್ಮಾನಿಸುತ್ತಿದ್ದನು ಎಂದೂ ತಿಳಿಸಿದ್ದಾನೆ.

ಇನ್ನೊಂದು ದಾಖಲೆ ಇದಕ್ಕಿಂತಲೂ ದೊಡ್ಡದು. ಇಂದಿನ ಮಹಾರಾಷ್ಟ್ರದ ಚಿಂಚಣಿಯಲ್ಲಿ ದೊರೆತ, ಶಕ 848ರ, ಅಂದರೆ 926ರ ತಾಮ್ರಶಾಸನವೊಂದಿದೆ. ಅದರ ಪ್ರಕಾರ ಸಂಜಾನ್ ಪ್ರದೇಶದ ಆಡಳಿತವನ್ನು ರಾಷ್ಟ್ರಕೂಟ ದೊರೆ ಒಬ್ಬ ಅರಬನಿಗೆ ವಹಿಸಿದ್ದನು. ಶಾಸನದಲ್ಲಿ ಅವನ ಹೆಸರು ‘ಮಧುಮತಿ’. ಇದು ಮುಹಮ್ಮದ್ ಎಂಬುದರ ಸಂಸ್ಕೃತ ರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಮುಹಮ್ಮದ್ ತನ್ನ ನಾಡಿನಲ್ಲಿ ಹೊಳೆ ದಾಟಲು ಉಚಿತ ದೋಣಿಯನ್ನೂ, ದಾರಿಹೋಕರಿಗೆ ಅನ್ನಛತ್ರವನ್ನೂ ಏರ್ಪಡಿಸಿದನು. ಬ್ರಾಹ್ಮಣನೊಬ್ಬ ಕಟ್ಟಿಸಿದ ದೇವಿಯ ಮಠಕ್ಕೆ ಭೂಮಿ ದಾನವಾದದ್ದು ಇವನ ಆಡಳಿತದಲ್ಲಿ, ಇವನ ಒಪ್ಪಿಗೆಯಿಂದ. ಇಲ್ಲಿ ಯಾರು ಯಾರನ್ನು ‘ಸಹಿಸಿದರು’? ಹಿಂದೂ ದೊರೆ ಮುಸ್ಲಿಂ ಅಧಿಕಾರಿಯನ್ನೇ? ಮುಸ್ಲಿಂ ಅಧಿಕಾರಿ ಹಿಂದೂ ಮಠವನ್ನೇ? ಆ ಪ್ರಶ್ನೆಯೇ ಇಲ್ಲಿ ಹೊಂದುವುದಿಲ್ಲ.

ಮಳಖೇಡಕ್ಕೂ ನಮ್ಮ ಮೂಡುಬಿದಿರೆಗೂ ಒಂದು ಸಂಬಂಧವಿದೆ. ಅಮೋಘವರ್ಷನ ಗುರು ಜಿನಸೇನ ಮತ್ತು ಅವನ ಗುರು ವೀರಸೇನ ಸೇರಿ ಬರೆದ ಜೈನ ಸಿದ್ಧಾಂತದ ಮಹಾವ್ಯಾಖ್ಯಾನ ‘ಜಯಧವಲ’ 837ರಲ್ಲಿ ಪೂರ್ಣವಾಯಿತು. ಅದು ಮತ್ತು ಅದಕ್ಕಿಂತ ಮುಂಚಿನ ‘ಧವಲ’ ಶತಮಾನಗಳ ಕಾಲ ನಶಿಸದೆ ಉಳಿದದ್ದು ಮೂಡುಬಿದಿರೆಯ ಗುರುಬಸದಿಯ ತಾಳೆಗರಿಗಳಲ್ಲಿ. 20ನೇ ಶತಮಾನದಲ್ಲಿ ಅವು ಅಚ್ಚಿಗೆ ಬಂದದ್ದು ಇಲ್ಲಿಯ ಪ್ರತಿಗಳಿಂದಲೇ. ಸೈರಣೆಯನ್ನು ಬಂಗಾರವೆಂದ ಆಸ್ಥಾನದ ವಿದ್ಯೆಯನ್ನು ನಮ್ಮ ನೆರೆಯ ಜೈನ ಬಂಧುಗಳು ಇಷ್ಟು ಕಾಲ ಜೋಪಾನ ಮಾಡಿದ್ದಾರೆ. ಮೂಡುಬಿದಿರೆಯ ಪೇಟೆಯಲ್ಲಿ ಓಡಾಡುವ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು.

ಕರಾವಳಿಯ ಎರಡು ಮುಖ

ಇತಿಹಾಸದಿಂದ ನಮಗೆ ಬೇಕಾದದ್ದನ್ನು ಮಾತ್ರ ಹೆಕ್ಕಿಕೊಂಡರೆ ಅದು ಇತಿಹಾಸವಾಗುವುದಿಲ್ಲ. 14ನೇ ಶತಮಾನದ 40ರ ದಶಕದಲ್ಲಿ ಇಬ್ನ್ ಬತೂತಾ ನಮ್ಮ ಕರಾವಳಿಯನ್ನು ಹಾದುಹೋದನು. ಆತ ‘ಮಂಜರೂರ್’ ಎಂದು ಕರೆದ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ಊರಿನ ಹೊರವಲಯದಲ್ಲಿ ವಾಸವಾಗಿದ್ದರು. ಪರ್ಷಿಯಾ ಮತ್ತು ಯಮನಿನ ವರ್ತಕರು ಕಾಳುಮೆಣಸು, ಶುಂಠಿಗಾಗಿ ಬರುತ್ತಿದ್ದರು. ಶಾಫಿಈ ಮದ್‌ಹಬಿನ ಖಾಝಿಯೊಬ್ಬರು ಅಲ್ಲಿ ಪಾಠ ಹೇಳುತ್ತಿದ್ದರು. ಇದನ್ನೆಲ್ಲ ಹೇಳಿದ ಬಳಿಕ ಇಬ್ನ್ ಬತೂತಾ ಇನ್ನೂ ಒಂದು ಸಂಗತಿ ಸೇರಿಸುತ್ತಾನೆ. ಮುಸ್ಲಿಮರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ಆದರೆ ದೊರೆಗೆ ವರ್ತಕರು ಬೇಕಾಗಿದ್ದುದರಿಂದ ಅವನು ನಡುವೆ ಬಂದು ಸಂಧಿ ಮಾಡಿಸುತ್ತಿದ್ದನು.

ಇದು ನಮ್ಮ ಕರಾವಳಿಯ ಶಾಂತಿ ಸಭೆಗಳ ಅತ್ಯಂತ ಹಳೆಯ ವರದಿಗಳಲ್ಲಿ ಒಂದು ಎನ್ನಬಹುದು. ಆ ಶಾಂತಿಯ ಬೇರು ಯಾವುದು? ಸುಂಕ. ವ್ಯಾಪಾರ ಇರುವವರೆಗೆ ವರ್ತಕನು ಬೇಕು, ವರ್ತಕನು ಬೇಕಾಗಿರುವವರೆಗೆ ಅವನ ಮಸೀದಿಗೆ ರಕ್ಷಣೆ. ಇಂತಹ ಸಹನೆಯನ್ನು ಹಗುರವಾಗಿ ಕಾಣಬಾರದು. ಎಷ್ಟೋ ಜೀವಗಳನ್ನು ಅದು ಉಳಿಸಿದೆ. ಆದರೆ ಅಗತ್ಯ ತೀರಿದ ದಿನ ಅದೂ ತೀರಿಹೋಗಬಹುದು.

ಸುಮಾರು ನೂರು ವರ್ಷಗಳ ಬಳಿಕ, 1443ರಲ್ಲಿ, ಹೆರಾತಿನ ಸುಲ್ತಾನ ಶಾಹ್‌ರುಖ್‌ನ ರಾಯಭಾರಿ ಅಬ್ದುರ್ರಝಾಕ್ ಸಮರ್‌ಖಂದಿ ಕ್ಯಾಲಿಕಟ್‌ನಿಂದ ಮಂಗಳೂರಿನ ಮೂಲಕ ವಿಜಯನಗರಕ್ಕೆ ಹೋದನು. ಕ್ಯಾಲಿಕಟ್‌ನಲ್ಲಿ ಎರಡು ಜುಮಾ ಮಸೀದಿಗಳಿದ್ದವು, ಖಾಝಿ ಇದ್ದರು, ಅಲ್ಲಿಯ ಹೆಚ್ಚಿನ ಮುಸ್ಲಿಮರು ಶಾಫಿಈಗಳು ಎಂದು ಆತ ಬರೆದ. ಮಂಗಳೂರಿನಿಂದ ಮೂರು ಫರ್ಸಂಗ್ ದೂರದಲ್ಲಿ ಕಂಡ ಒಂದು ದೇವಾಲಯದ ಅಂದವನ್ನು ಮನದುಂಬಿ ಹೊಗಳಿದ. ಖಾಝಿಯೊಬ್ಬರ ಮಗನಾದ, ತನ್ನ ದೀನಿನಲ್ಲಿ ಗಟ್ಟಿಯಾಗಿದ್ದ ಆತನಿಗೆ ಇತರರ ಆರಾಧನಾಲಯದ ಶಿಲ್ಪವನ್ನು ಮೆಚ್ಚಲು ಯಾವ ಅಳುಕೂ ಇರಲಿಲ್ಲ.

ಆತ ಭೇಟಿಯಾದ ದೊರೆ 2ನೇ ದೇವರಾಯ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಸುಮಾರು 1430ರಲ್ಲಿ ಎದ್ದದ್ದು ಇದೇ ದೊರೆಯ ಆಳ್ವಿಕೆಯಲ್ಲಿ. ಇದೇ ದೊರೆಯ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬವರು 1439ರಲ್ಲಿ ಹಂಪಿಯಲ್ಲಿ ಮಸೀದಿಯೊಂದನ್ನು ಕಟ್ಟಿಸಿದರು. ಅದರ ಶಾಸನ ಕನ್ನಡದಲ್ಲಿದೆ. ಮಸೀದಿಯನ್ನು ಅದು ‘ಧರ್ಮಸಾಲೆ’ ಎಂದು ಕರೆಯುತ್ತದೆ, ಕಟ್ಟಿಸಿದ ಪುಣ್ಯ ದೊರೆಗೆ ಸಲ್ಲಲಿ ಎನ್ನುತ್ತದೆ. ಹಂಪಿಗೆ ಪ್ರವಾಸ ಹೋಗುವ ನಮ್ಮ ಶಾಲೆ, ಮದ್ರಸಗಳ ಮಕ್ಕಳಿಗೆ ಈ ಕಟ್ಟಡವನ್ನು ತೋರಿಸಬೇಕು.

ಬುಕ್ಕರಾಯ ಹಿಡಿದ ಕೈ

ವಿಜಯನಗರದ ಇನ್ನೊಂದು ಶಾಸನ ಕನ್ನಡ ನಾಡಿನ ಸಹಬಾಳ್ವೆಯ ದಾಖಲೆ ಎಂದು ಪ್ರಸಿದ್ಧವಾಗಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಎದ್ದಿತು. ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ, ಕಲ್ಯ ಮುಂತಾದ ಕಡೆಯ ಜೈನರು ಬುಕ್ಕರಾಯನಿಗೆ ದೂರು ಕೊಟ್ಟರು. ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಪ್ರಮುಖರನ್ನೂ ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕು ಹಿಂದಿನಂತೆ ಸಲ್ಲಬೇಕು, ಅವರಿಗಾದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೆಂದೇ ತಿಳಿಯಬೇಕು ಎಂದು ವಿಧಿಸಿದನು. ಶ್ರವಣಬೆಳಗೊಳದಲ್ಲಿ ಈ ಶಾಸನ ಇಂದಿಗೂ ಇದೆ.

ನೆರೆಯವನ ಹಾನಿಯನ್ನು ತನ್ನ ಹಾನಿಯೆಂದು ತಿಳಿಯಬೇಕೆಂಬ ಮಾತು ‘ಸಹಿಸಿಕೊಳ್ಳುವ’ ಮಟ್ಟವನ್ನು ದಾಟಿ ಮುಂದೆ ಹೋಗಿದೆ. ಇಂಗ್ಲೆಂಡಿನ ಕಾಯ್ದೆಗಿಂತ 321 ವರ್ಷ ಮೊದಲೇ ಇದು ಕನ್ನಡದ ಕಲ್ಲಿನಲ್ಲಿ ಮೂಡಿತ್ತು.

ಆದರೆ ಶಾಸನವನ್ನು ಕೊನೆಯವರೆಗೆ ಓದಬೇಕು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ವಸೂಲು ಮಾಡಿ, ತಿರುಮಲೆಯ ತಾತಯ್ಯ ಎಂಬವರು ಬೆಳಗೊಳದ ದೇವರಿಗೆ 20 ಮಂದಿ ಮೈಗಾವಲಿನವರನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದೂ ಅದರಲ್ಲಿದೆ. ರಕ್ಷಣೆ ಸಿಕ್ಕಿತು, ಆದರೆ ಅದರ ಖರ್ಚು ರಕ್ಷಣೆ ಬೇಕಾದವರ ತಲೆಯ ಮೇಲೆಯೇ ಬಿತ್ತು. ಇದನ್ನು ಓದುವಾಗ ಮುಸ್ಲಿಂ ಆಳ್ವಿಕೆಗಳಲ್ಲಿ ಇದ್ದ ಜಿಝ್ಯಾ ನಮಗೆ ನೆನಪಾಗಬೇಕು. ಅದಕ್ಕೂ ರಕ್ಷಣೆಯ ಹೆಸರೇ ಇತ್ತು. ಅಕ್ಬರನು 1564ರಲ್ಲಿ ಅದನ್ನು ತೆಗೆದುಹಾಕಿದನು, ಔರಂಗಝೇಬನು 1679ರಲ್ಲಿ ಮತ್ತೆ ಹೇರಿದನು. ಒಬ್ಬ ದೊರೆ ಕೊಟ್ಟದ್ದನ್ನು ಇನ್ನೊಬ್ಬ ದೊರೆ ಕಸಿದುಕೊಂಡನು. ಫ್ರಾನ್ಸಿನಲ್ಲಿ ಆದದ್ದೂ ಇದುವೇ.

ನಮ್ಮ ಜಿಲ್ಲೆಯ ಉದಾಹರಣೆ ಕಣ್ಣ ಮುಂದೆಯೇ ಇದೆ. ಬೆಳ್ತಂಗಡಿಯಿಂದ ನೋಡಿದರೆ ಕಾಣುವ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನರು 1794ರ ಸುಮಾರಿಗೆ ಕಟ್ಟಿಸಿದ ಜಮಲಾಬಾದ್ ಕೋಟೆಯಿದೆ. ಅದೇ ಟಿಪ್ಪು, ಮರಾಠಾ ದಂಡು 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಮಠಕ್ಕೆ ಹಣ, ಧಾನ್ಯ ಕಳುಹಿಸಿ ಜಗದ್ಗುರುಗಳಿಗೆ ಗೌರವದ ಪತ್ರಗಳನ್ನು ಬರೆದರು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಆದರೆ 1784ರಲ್ಲಿ ನಮ್ಮ ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳನ್ನು ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಸಾವಿರಗಟ್ಟಲೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ಅದೇ ಆಡಳಿತ. ದಾರಿಯಲ್ಲಿ, ಸೆರೆಯಲ್ಲಿ ಅನೇಕರು ಸತ್ತರು, ಚರ್ಚುಗಳು ನೆಲಕ್ಕುರುಳಿದವು. ಇದಕ್ಕೆ ಯುದ್ಧದ ಕಾರಣವನ್ನು ಕೊಡಬಹುದು. ಆದರೆ ತಪ್ಪು ಮಾಡದ ಮಕ್ಕಳೂ ಮುದುಕರೂ ಆ ದಾರಿಯಲ್ಲಿ ನಡೆದರು ಎಂಬುದನ್ನು ಯಾವ ಕಾರಣವೂ ಅಳಿಸಲಾರದು. ನಮಗಾದ ಅನ್ಯಾಯವನ್ನು ಇತರರು ನೆನಪಿಡಬೇಕೆಂದು ಬಯಸುವ ನಾವು ಮೊದಲು ಇತರರಿಗಾದ ಅನ್ಯಾಯವನ್ನು ನೆನಪಿಡಬೇಕು.

ದಯೆಯಿಂದ ಹಕ್ಕಿಗೆ

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ ಈ ಹಳೆಯ ಸರಪಳಿಯನ್ನು ಕಡಿಯಿತು. ಅದರ ಪೀಠಿಕೆಯಲ್ಲಿ ‘ಸಹಿಷ್ಣುತೆ’ ಎಂಬ ಪದವಿಲ್ಲ. ವಿಚಾರ, ಅಭಿವ್ಯಕ್ತಿ, ನಂಬಿಕೆ, ಶ್ರದ್ಧೆ, ಆರಾಧನೆಗಳ ಸ್ವಾತಂತ್ರ್ಯವಿದೆ, ಸಮಾನತೆಯಿದೆ, ಬಂಧುತ್ವವಿದೆ. 25ನೇ ವಿಧಿಯು ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ಇದೆ ಎನ್ನುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿ ಎಲ್ಲರಿಗೂ ಒಂದೇ. ಕೈ ಹಿಡಿದು ಕೊಡಲು ಬುಕ್ಕರಾಯ ಬೇಕಾಗಿಲ್ಲ, ಮನೆಗೊಂದು ಹಣವೂ ಬೇಕಾಗಿಲ್ಲ. ಶಾಂತಿ ಸಭೆಯ ಹಾಜಿಯವರು ಯಾರ ಸಹನೆಯಿಂದಲೂ ಇಲ್ಲಿ ಬಾಳುತ್ತಿಲ್ಲ. ಭಾಷಣ ಮಾಡಿದ ಹಿರಿಯರಿಗೆ ಈ ಮಣ್ಣಿನಲ್ಲಿ ಇರುವಷ್ಟೇ ಹಕ್ಕು ಅವರಿಗೂ ಇದೆ.

ಆದರೂ ಹಕ್ಕು ಮಾತ್ರದಿಂದ ನೆರೆಹೊರೆ ನಡೆಯುವುದಿಲ್ಲ. ಹಕ್ಕು ಇದ್ದರೂ ಮಾತು ನಿಂತುಹೋದ ಬೀದಿಗಳು ನಮ್ಮಲ್ಲಿವೆ. ಅದಕ್ಕಾಗಿ ಇನ್ನೊಂದು ಪದವನ್ನು ನೋಡಬೇಕು.

ತಸಾಮುಹ್

ಅರಬಿ ಭಾಷೆಯಲ್ಲಿ ಇಂದು ಸಹಿಷ್ಣುತೆಗೆ ಬಳಸುವ ಪದ ‘ತಸಾಮುಹ್’. ಅದರ ಮೂಲ ಧಾತುವಿನಲ್ಲಿ ಹೊರೆಯ ಅರ್ಥವಿಲ್ಲ, ಔದಾರ್ಯದ ಅರ್ಥವಿದೆ. ಸಲೀಸಾಗಿ ಕೊಡುವುದು, ಬಿಗಿ ಹಿಡಿಯದಿರುವುದು, ಬಿಟ್ಟುಕೊಡುವುದು. ಅರಬಿ ವ್ಯಾಕರಣ ಓದಿದ ನಮ್ಮ ಮುತಅಲ್ಲಿಮರಿಗೆ ಗೊತ್ತಿರುವಂತೆ ಈ ರೂಪದ ಕ್ರಿಯೆಗಳು ಸಾಮಾನ್ಯವಾಗಿ ಇಬ್ಬರ ನಡುವೆ ನಡೆಯುತ್ತವೆ. ಸೂರಃ ಅಲ್ ಹುಜುರಾತ್‌ನ 13ನೇ ವಚನವು ಜನಾಂಗಗಳನ್ನು ಏಕೆ ಸೃಷ್ಟಿಸಲಾಯಿತೆಂದು ತಿಳಿಸುವಲ್ಲಿ ಬರುವ ‘ತಆರುಫ್’, ಅಂದರೆ ಪರಸ್ಪರ ಪರಿಚಯ, ಇದೇ ರೂಪದ್ದು. ‘ತಆವುನ್’, ಪರಸ್ಪರ ಸಹಕಾರ, ಇದೇ ರೂಪದ್ದು. ಸಹಿಸುವುದನ್ನು ಒಬ್ಬನೇ ಮಾಡಬಹುದು. ತಸಾಮುಹ್‌ಗೆ ಇಬ್ಬರು ಬೇಕು.

ಇದೇ ಧಾತುವಿನ ಪದವೊಂದು ಸಹೀಹುಲ್ ಬುಖಾರಿಯ ಹದೀಸಿನಲ್ಲಿದೆ. ಮಾರುವಾಗ, ಕೊಳ್ಳುವಾಗ, ತನಗೆ ಬರಬೇಕಾದ ಬಾಕಿಯನ್ನು ಕೇಳುವಾಗ ಔದಾರ್ಯದಿಂದ ನಡೆದುಕೊಳ್ಳುವವನಿಗೆ ಅಲ್ಲಾಹನ ಕೃಪೆಯಿರಲಿ ಎಂದು ಪ್ರವಾದಿ(ಸ) ಪ್ರಾರ್ಥಿಸಿದ್ದಾರೆ. ಬ್ಯಾರಿ ಎಂಬ ಹೆಸರು ಬ್ಯಾರದಿಂದ, ಅಂದರೆ ವ್ಯಾಪಾರದಿಂದ ಬಂತೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ವ್ಯಾಪಾರದ ಸಮುದಾಯಕ್ಕೆ ಸಹಿಷ್ಣುತೆಯ ಪಾಠ ತಕ್ಕಡಿಯ ಮುಂದೆಯೇ ಸಿಕ್ಕಿದೆ. ಅಡಿಕೆಯ ತೂಕದಲ್ಲಿ, ಮೀನಿನ ಬೆಲೆಯಲ್ಲಿ, ಮಳೆಗಾಲದ ಸಾಲದ ವಾಯಿದೆಯಲ್ಲಿ ಅದು ನಡೆಯಬೇಕು.

ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯ ನಮ್ಮೆಲ್ಲರಿಗೂ ತಿಳಿದದ್ದೇ. ಶಾಂಭವಿ ಹೊಳೆಯಲ್ಲಿ ದೋಣಿ ನಿಂತಾಗ ಬಪ್ಪ ಬ್ಯಾರಿ ಎಂಬ ವರ್ತಕ ಆ ದೇವಸ್ಥಾನ ಕಟ್ಟಿಸಿದನೆಂದು ಕಥೆ. ಐತಿಹ್ಯವನ್ನು ಚರಿತ್ರೆಯೆಂದು ಹೇಳಬೇಕಾಗಿಲ್ಲ. ಆದರೆ ಒಂದು ಊರು ತನ್ನ ದೇವಸ್ಥಾನದ ಹೆಸರಿನಲ್ಲಿ ಒಬ್ಬ ಬ್ಯಾರಿಯನ್ನು ಇಷ್ಟು ಕಾಲ ಇಟ್ಟುಕೊಂಡಿತು ಎಂಬುದೇ ಚರಿತ್ರೆ. 2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರ್‌ಗಳು ಎದ್ದಾಗ ಬಪ್ಪನಾಡಿನ ಜಾತ್ರೆಯಲ್ಲೂ ಅವು ಕಾಣಿಸಿಕೊಂಡವು. ದೇವಸ್ಥಾನದ ಸಮೀಪದ ಆಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದೆಂಬ 2002ರ ನಿಯಮವನ್ನು ಅದಕ್ಕೆ ಆಧಾರವಾಗಿ ಮುಂದಿಡಲಾಯಿತು. ಬಳೆ, ಆಟಿಕೆ, ಕಲ್ಲಂಗಡಿ ಮಾರಿ ವರ್ಷದ ಖರ್ಚು ನೀಗಿಸುತ್ತಿದ್ದ ಬಡ ಕುಟುಂಬಗಳಿಗೆ ಅದು ಎಂತಹ ಹೊಡೆತವಾಯಿತೆಂದು ಹೇಳಬೇಕಾಗಿಲ್ಲ. ಇಬ್ನ್ ಬತೂತಾ ಕಂಡ ದೊರೆಗೆ ವರ್ತಕನು ಬೇಕಾಗಿದ್ದ. ಬೇಡವಾದಾಗ ಏನಾಗುತ್ತದೆಂದು ನಾವು ಕಂಡೆವು.

ಇನ್ನೊಂದು ಬದಿಯೂ ಇದೆ. ಧರ್ಮಸ್ಥಳದಲ್ಲಿ ಶಿವನ ದೇವಸ್ಥಾನ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆ ಮನೆತನ. ಅಲ್ಲಿಯ ಲಕ್ಷದೀಪೋತ್ಸವದ ಸರ್ವಧರ್ಮ ಸಮ್ಮೇಳನ 1930ರ ದಶಕದಿಂದ ನಡೆದು ಬಂದಿದೆ. ಅದೇ ಬೆಳ್ತಂಗಡಿ ತಾಲೂಕಿನ ಕಾಜೂರು ದರ್ಗಾದ ಉರೂಸಿಗೆ ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ಒಂದು ದಂಡೆಯಲ್ಲಿ ಅಜಿಲಮೊಗರು ಮಸೀದಿ, ಎದುರು ದಂಡೆಯಲ್ಲಿ ಕಡೇಶಿವಾಲಯದ ದೇವಸ್ಥಾನ. ಎರಡನ್ನೂ ಜೋಡಿಸುವ ಸೇತುವೆಯನ್ನು ಜನ ‘ಸೌಹಾರ್ದ ಸೇತುವೆ’ ಎಂದೇ ಕರೆದರು. ಸಹಿಷ್ಣುತೆಯ ಸೇತುವೆ ಎನ್ನಲಿಲ್ಲ. ಪದಗಳ ಆಯ್ಕೆಯಲ್ಲಿ ಜನಸಾಮಾನ್ಯರು ನಮಗಿಂತ ಜಾಣರು.

ನಮ್ಮ ಮನೆಯೊಳಗೆ

2017ರ ಮಳೆಗಾಲವನ್ನು ಬಂಟ್ವಾಳದವರು ಮರೆಯಲಾರರು. ಎರಡೂ ಕಡೆಯ ಯುವಕರು ಕೊಲೆಯಾದರು, ನಿಷೇಧಾಜ್ಞೆ ವಾರಗಟ್ಟಲೆ ಮುಂದುವರಿಯಿತು, ಬಿ.ಸಿ.ರೋಡಿನ ಅಂಗಡಿಗಳ ಬಾಗಿಲು ಮುಚ್ಚಿತು. ಸತ್ತವರ ತಾಯಂದಿರಿಗೆ ‘ಸಹಿಷ್ಣುತೆ’ಯ ಭಾಷಣ ಕೇಳಿ ಏನೂ ಆಗಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಗ. ಆ ದಿನಗಳನ್ನು ನೆನೆದಾಗ ನಾವು ಬೇರೆಯವರಿಗೆ ಕೇಳುವ ಪ್ರಶ್ನೆಗಳನ್ನು ನಮಗೂ ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ಮಕ್ಕಳು ವಾಟ್ಸ್ಆ್ಯಪ್‌ನಲ್ಲಿ ಇತರರ ಆರಾಧ್ಯರನ್ನು ಗೇಲಿ ಮಾಡುವ ಚಿತ್ರ ಹಂಚಿದಾಗ ನಾವು ತಡೆಯುತ್ತೇವೆಯೇ? ಅವರು ಆರಾಧಿಸುವುದನ್ನು ನಿಂದ್ಯಬೇಡಿ ಎಂಬ ಆದೇಶ ಸೂರಃ ಅಲ್ ಅನ್‌ಆಮ್‌ನ 108ನೇ ವಚನದಲ್ಲಿ ಸ್ಪಷ್ಟವಾಗಿದೆ. ನಮ್ಮ ಮೊಹಲ್ಲಾದಲ್ಲಿ ಬೇರೆ ಧರ್ಮದ ಒಂದೆರಡು ಮನೆಗಳಿದ್ದರೆ ಅವರಿಗೆ ತಮ್ಮ ಊರಿನಲ್ಲಿದ್ದೇವೆ ಎನ್ನಿಸುತ್ತದೆಯೇ? ನಮ್ಮದೇ ದೀನಿನ ಇನ್ನೊಂದು ಪಂಗಡದವನು ನಮ್ಮ ಮಸೀದಿಗೆ ಬಂದು ಬೇರೆ ರೀತಿಯಲ್ಲಿ ಕೈಕಟ್ಟಿದರೆ ನಮ್ಮ ಮುಖ ಹೇಗಾಗುತ್ತದೆ? ಧಾರ್ಮಿಕ ಸ್ವಾತಂತ್ರ್ಯ ಬೇಕೆಂದು ಬೀದಿಯಲ್ಲಿ ಕೇಳುವವನು ಮನೆಯಲ್ಲಿ, ಜಮಾಅತ್‌ನಲ್ಲಿ ಭಿನ್ನ ಅಭಿಪ್ರಾಯಕ್ಕೆ ಜಾಗ ಕೊಡದಿದ್ದರೆ ಅವನ ಕೇಳಿಕೆಗೆ ತೂಕ ಬರುವುದಿಲ್ಲ.

ಹಿಜರತಿನ ಬಳಿಕ ಮದೀನಾದಲ್ಲಿ ಪ್ರವಾದಿ(ಸ) ಮಾಡಿಸಿದ ಒಪ್ಪಂದವು ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ತಮ್ಮ ಧರ್ಮ ಎಂದು ಹೇಳಿ ಇಬ್ಬರ ಮೇಲೂ ಊರಿನ ರಕ್ಷಣೆಯ ಹೊಣೆ ಹೊರಿಸಿತ್ತು. ಯಹೂದಿಯೊಬ್ಬನ ಶವಯಾತ್ರೆ ಹೋಗುವಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯ ಶವವೆಂದು ಜೊತೆಯಲ್ಲಿದ್ದವರು ನೆನಪಿಸಿದಾಗ, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಮರುಪ್ರಶ್ನೆ ಹಾಕಿದರು. ಎದ್ದು ನಿಲ್ಲುವುದಕ್ಕೂ ಸಹಿಸಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

‘ಸಹಿಷ್ಣುತೆ’ ಪದವನ್ನು ನಿಘಂಟಿನಿಂದ ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಕತ್ತಿ ಹಿಡಿದವನಿಗೆ ಮೊದಲು ಸಹಿಸುವುದನ್ನೇ ಕಲಿಸಬೇಕು. ಆದರೆ ಅಲ್ಲಿಗೇ ನಿಲ್ಲಬಾರದು. ಸಹಿಸುವುದು ಅಂಗಳ, ಸೈರಿಸುವುದು ಜಗಲಿ, ತಸಾಮುಹ್ ಮನೆಯೊಳಗೆ ಕರೆದು ಕುಳ್ಳಿರಿಸುವುದು.

ಅಂದಿನ ಶಾಂತಿ ಸಭೆ ಮುಗಿದ ಮೇಲೆ ಹಾಜಿಯವರು ನೇರ ಆ ಹಿರಿಯರ ಬಳಿಗೆ ಹೋದರು. ಜಗಳವಾದೀತೆಂದು ನಾನೂ ಹಿಂದೆಯೇ ಹೋದೆ. ಹಾಜಿಯವರು ಕೇಳಿದ್ದು ಇಷ್ಟೇ: “ಶೆಟ್ರೇ, ಈ ಸಲ ಕೊಳೆರೋಗಕ್ಕೆ ಮದ್ದು ಬಿಟ್ಟಾಯಿತಾ?” ಆಮೇಲೆ ಅವರಿಬ್ಬರೂ ಅರ್ಧ ಗಂಟೆ ಅಲ್ಲಿಯೇ ನಿಂತು ಅಡಿಕೆಯ ಮಾತಾಡಿದರು. ಸಭಾಂಗಣದ ಕುರ್ಚಿಗಳನ್ನು ಒಳಗಿಡುವ ಹುಡುಗರು ಅವರು ಹೊರಡುವುದನ್ನೇ ಕಾಯುತ್ತಿದ್ದರು.